ಗುನಿಲ್ಡಾ: ತಣ್ಣೀರು ಕಾಪಿಟ್ಟ ಹಡಗು

ಸುಪೀರಿಯರ್ ಸರೋವರದ ಕೆನಡಾ ದಂಡೆಯ ರಾಸ್‌ಪೋರ್ಟ್ ಎಂಬ ಊರಿನ ಬಳಿ ಸುಮಾರು 80 ಮೀಟರ್ ಆಳದಲ್ಲಿರುವ ‘ಗುನಿಲ್ಡಾ’, 1897ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಲಾದ ಉಕ್ಕಿನ ವಿಹಾರನೌಕೆ. ಸ್ಟ್ಯಾಂಡರ್ಡ್ ಆಯಿಲ್ ಸಂಪತ್ತಿನ ವಾರಸುದಾರ ವಿಲಿಯಂ ಹಾರ್ಕ್‌ನೆಸ್ ಅದರ ಒಡೆಯ. 1911ರ ಆಗಸ್ಟ್‌ನಲ್ಲಿ, ಅಲ್ಲಿನ ನೀರಿನ ಮರ್ಮ ಬಲ್ಲ ಸ್ಥಳೀಯ ಪೈಲಟ್‌ನನ್ನು ನೇಮಿಸಿಕೊಳ್ಳಲು ಆತ ಒಪ್ಪದೆ ಮುಂದುವರಿದಾಗ, ನೌಕೆ ಮುಳುಗುಬಂಡೆಯೊಂದನ್ನು ಏರಿ ನಿಂತಿತು; ಬಿಡಿಸಲು ಬಂದವರು ಕೇಳಿದ ಹೆಚ್ಚಿನ ಆಸರೆಗೂ ಆತ ಹಣ ಬಿಚ್ಚಲಿಲ್ಲ, ಎಳೆದಾಗ ನೌಕೆ ವಾಲಿ ನೀರು ತುಂಬಿ ಮುಳುಗಿತು. ಇಷ್ಟು ಜಿಪುಣತನಕ್ಕೆ ಅಂದು ಒಂದು ಜೀವವೂ ಬಲಿಯಾಗಲಿಲ್ಲ.

ಬಲಿಯಾದವರು ಮುಂದೆ ಅದನ್ನು ಅರಸಿ ಇಳಿದವರು: 1970ರಲ್ಲಿ ಒಬ್ಬ, 1989ರಲ್ಲಿ ಮತ್ತೊಬ್ಬ ಮುಳುಗುಗಾರ ಅಲ್ಲಿ ಸತ್ತರು. ಹಡಗು ಮಾತ್ರ ಕೆಡದೆ ಉಳಿದದ್ದಕ್ಕೆ ಕಾರಣ ನೀರೇ: ಸಿಹಿನೀರಿನಲ್ಲಿ ಉಪ್ಪಿಲ್ಲದ ಕಾರಣ ಉಕ್ಕು ನಿಧಾನವಾಗಿ ತುಕ್ಕು ಹಿಡಿಯುತ್ತದೆ, ಮರ ಕೊರೆಯುವ ಕಡಲಹುಳು ಅಲ್ಲಿ ಬದುಕುವುದಿಲ್ಲ, ವರ್ಷವಿಡೀ 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುವ ಆಳದ ನೀರು ಕೊಳೆಯುವಿಕೆಯನ್ನೂ ತಡೆಯುತ್ತದೆ. ಆದರೆ ಹಡಗನ್ನು ಉಳಿಸಿದ ಆ ಚಳಿ ಮನುಷ್ಯನಿಗೆ ಶತ್ರು: ಒತ್ತಡದ ಗಾಳಿಯನ್ನು ಉಸಿರಾಟಕ್ಕೆ ಹದಗೊಳಿಸುವ ರೆಗ್ಯುಲೇಟರಿನೊಳಗೆ ಗಾಳಿ ಹಿಗ್ಗುವಾಗ ಇನ್ನಷ್ಟು ತಣ್ಣಗಾಗಿ, ಮಂಜು ಕಟ್ಟಿ, ಕವಾಟ ತೆರೆದೇ ಉಳಿದು, ಸಿಲಿಂಡರಿನ ಗಾಳಿ ಬೇಗ ಬರಿದಾಗಬಹುದು.

ಒತ್ತಡದ ಲೆಕ್ಕ ಇನ್ನೂ ಕಠಿಣ. 80 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ 9 ಪಟ್ಟಾಗುವುದರಿಂದ, ಸಾಮಾನ್ಯ ಗಾಳಿಯ ಸಾರಜನಕ ಅಮಲೇರಿಸಿ ವಿವೇಚನೆ ಕೆಡಿಸುತ್ತದೆ, ಆಮ್ಲಜನಕವೇ ವಿಷವಾಗಿ ಸೆಳವು ತರಬಲ್ಲದು. ಹೀಲಿಯಂ ಬೆರೆಸಿದರೆ ಎರಡನ್ನೂ ತಗ್ಗಿಸಬಹುದೆಂಬುದು ನೌಕಾಪಡೆಗಳಿಗೆ ಮೊದಲೇ ತಿಳಿದಿತ್ತು. ಅಮೆರಿಕದ ನೌಕಾಪಡೆ 1939ರಲ್ಲಿ ‘ಸ್ಕ್ವಾಲಸ್’ ಜಲಾಂತರ್ಗಾಮಿಯನ್ನು ಎತ್ತುವಾಗಲೇ ಅದನ್ನು ಬಳಸಿತ್ತು. ಆಮ್ಲಜನಕ, ಸಾರಜನಕ, ಹೀಲಿಯಂಗಳ ಮಿಶ್ರಣವಾದ ‘ಟ್ರೈಮಿಕ್ಸ್’ ಹವ್ಯಾಸಿಗಳಲ್ಲಿ ಹರಡಿದ್ದು 1980ರ ದಶಕದ ಕೊನೆಯ ನಂತರವೇ. ಹೀಲಿಯಂ ಮೈಶಾಖವನ್ನು ಬೇಗ ಸೆಳೆಯುವುದರಿಂದ, ನೀರು ಒಳನುಗ್ಗದ ‘ಡ್ರೈಸೂಟ್’ಗೆ ಆರ್ಗಾನನ್ನೋ ಗಾಳಿಯನ್ನೋ ತುಂಬುತ್ತಾರೆ. ಮೇಲೇರುವಾಗ ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಗಟ್ಟದಂತೆ ಹಂತಹಂತವಾಗಿ ನಿಲ್ಲಬೇಕಾದ ದೀರ್ಘ ಹೊತ್ತಿನಲ್ಲಿ, ಬೆಚ್ಚಗಿರುವುದೇ ಅರ್ಧ ವಿದ್ಯೆ.

ಗುನಿಲ್ಡಾವನ್ನು ಮೇಲೆತ್ತುವ ಯತ್ನಗಳು ಫಲಿಸದೆ ಹೋದದ್ದು ಒಳ್ಳೆಯದೇ ಆಯಿತು. 1864ರಲ್ಲಿ ಮಿಷಿಗನ್ ಸರೋವರದ ಗ್ರೀನ್ ಬೇಯಲ್ಲಿ ಮುಳುಗಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ತಣ್ಣೀರಿನಲ್ಲಿ ಗಟ್ಟಿಯಾಗಿಯೇ ಇದ್ದ ಮರದ ಹಾಯಿಹಡಗು ‘ಆಲ್ವಿನ್ ಕ್ಲಾರ್ಕ್’ಅನ್ನು 1969ರಲ್ಲಿ ಎತ್ತಲಾಯಿತು, ಸಂರಕ್ಷಣೆಗೆ ಹಣವಿಲ್ಲದೆ ಅದು ಬಿಸಿಲು ಮಳೆಗೆ ಕೊಳೆಯಿತು, 1994ರಲ್ಲಿ ಅದನ್ನು ಒಡೆದುಹಾಕಲಾಯಿತು.