ಗೋವಾದ ಪಾವ್ ಮತ್ತು ಪೊದೇರರ ಕಸುಬು

ಗೋವಾದ ಹಳ್ಳಿಗಳಲ್ಲಿ ನಸುಕಿಗೊಮ್ಮೆ, ಸಂಜೆಗೊಮ್ಮೆ ಸೈಕಲ್ಲಿಗೆ ದೊಡ್ಡ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತ ಪಾವ್ ಮಾರುತ್ತ ಬರುವವನೇ ಪೊದೇರ್. ಪಾವ್ ಸುಡುವವನಿಗೂ ಮನೆಮನೆಗೆ ಹಂಚುವವನಿಗೂ ಕೊಂಕಣಿಯಲ್ಲಿ ಇದೇ ಹೆಸರು. ಮೀನು ಸಾರಿನ ಜೊತೆ ಅನ್ನ ಉಣ್ಣುವ ಈ ಕರಾವಳಿಯಲ್ಲಿ ಬೆಳಗಿನ ತಿಂಡಿಗೂ ಸಂಜೆಯ ಚಹಕ್ಕೂ ಗೋಧಿಯ ಪಾವ್ ಬೇಕೇ ಬೇಕು. ಆದರೆ ಗೋವಾ ಗೋಧಿ ಬೆಳೆಯುವ ನಾಡಲ್ಲ. ಹೊರಗಿನ ಕಾಳಿನಿಂದ, ಹೊರಗಿನವರು ಕಲಿಸಿದ ಕ್ರಮದಲ್ಲಿ ತಯಾರಾದ ಈ ತಿನಿಸು ಊರಿನದೇ ಆಗಿ ಬೇರೂರಿದ್ದು ಸ್ಥಳೀಯ ತೆಂಗಿನ ಕಳ್ಳು, ಸೌದೆಯ ಒಲೆ ಮತ್ತು ದಿನವೂ ಮನೆಬಾಗಿಲಿಗೆ ಒದಗಿಸುವ ಹಳ್ಳಿಯ ವರ್ತನೆಯ ಪದ್ಧತಿಯಿಂದ.

ಪೋರ್ಚುಗೀಸರು ಬರುವ ಮುನ್ನ ಗೋವಾದ ಊಟವೆಲ್ಲ ಅಕ್ಕಿಯ ಸುತ್ತಲೇ ಇತ್ತು. ಕದಂಬರು, ವಿಜಯನಗರದ ಅರಸರು, ಬಹಮನಿ ಸುಲ್ತಾನರು, ಬಿಜಾಪುರದ ಆದಿಲ್‌ಶಾಹಿಗಳು ಒಬ್ಬರ ನಂತರ ಒಬ್ಬರು ಗೋವಾದ ಬಂದರಿಗಾಗಿ ಹೋರಾಡಿದರೂ ಹಳ್ಳಿಯ ಉಣಿಸು ಹೆಚ್ಚು ಬದಲಾಗಲಿಲ್ಲ. ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ ರೂಪಿಸಿದ ಖಾಜಣ ಗದ್ದೆಗಳಲ್ಲಿ ಬತ್ತ, ತೀರದ ತೋಟಗಳಲ್ಲಿ ತೆಂಗು, ಹೊಳೆ ಮತ್ತು ಕಡಲಿನಲ್ಲಿ ಮೀನು ಸಿಗುತ್ತಿತ್ತು. ಕುಚ್ಚಲಕ್ಕಿಯ ಗಂಜಿಯೇ ದುಡಿಯುವವರ ಬೆಳಗಿನ ಊಟ. ಹುದುಗಿಸಿದ ಗೋಧಿ ರೊಟ್ಟಿ ಭಾರತಕ್ಕೆ ಹೊಸತೇನಲ್ಲ. ದೆಹಲಿ ಸುಲ್ತಾನರ ಕಾಲದಲ್ಲೇ ನಾನ್ ಬಳಕೆಯಲ್ಲಿತ್ತು. ಆದರೆ ಕರಾವಳಿಯ ರೈತನ ಮನೆಗೆ ಅದು ತಲುಪಿರಲಿಲ್ಲ.

1510ರ ನವೆಂಬರ್ 25ರಂದು ಪೋರ್ಚುಗೀಸ್ ದಳಪತಿ ಅಫೊನ್ಸೊ ಡಿ ಅಲ್ಬುಕರ್ಕ್ ಆದಿಲ್‌ಶಾಹಿ ಪಡೆಯನ್ನು ಸೋಲಿಸಿ ಗೋವಾ ನಗರವನ್ನು ವಶಪಡಿಸಿಕೊಂಡ. 1543ರ ಹೊತ್ತಿಗೆ ಬಾರ್ದೇಸ್ ಮತ್ತು ಸಾಷ್ಟಿ ಪ್ರಾಂತಗಳೂ ಪೋರ್ಚುಗೀಸರ ಕೈಸೇರಿದವು. ಅವರಿಗೆ ಗೋಧಿ ರೊಟ್ಟಿ ಎರಡು ಕಾರಣಕ್ಕೆ ಅನಿವಾರ್ಯವಾಗಿತ್ತು. ಅದು ಅವರ ದಿನನಿತ್ಯದ ಊಟ. ಜೊತೆಗೆ, ಇಗರ್ಜಿಯ ಪೂಜೆಯಲ್ಲಿ ಹಂಚುವ ಪ್ರಸಾದದ ಓಸ್ತಿಯನ್ನು ಗೋಧಿಯಿಂದಲೇ ಮಾಡಬೇಕೆಂಬುದು ಕಥೋಲಿಕ ಸಭೆಯ ನಿಯಮ. ಓಸ್ತಿಗೆ ಹುದುಗು ಬೇಡ, ಊಟದ ರೊಟ್ಟಿಗೆ ಬೇಕು. ಗೋಧಿಯನ್ನು ಗುಜರಾತಿನ ಖಂಭಾತ್ ಕಡೆಯಿಂದ ಹಡಗಿನಲ್ಲಿ ತರಿಸಿಕೊಳ್ಳಬಹುದಿತ್ತು. ಹುದುಗಿಗೆ ಮಾತ್ರ ಊರಲ್ಲೇ ದಾರಿ ಹುಡುಕಬೇಕಿತ್ತು.

ಯುರೋಪಿನಲ್ಲಿ ಬ್ರೆಡ್ ಹುದುಗಲು ಹಿಂದಿನ ದಿನದ ಹುಳಿ ಹಿಟ್ಟನ್ನೋ, ಬಿಯರ್ ತಯಾರಾಗುವ ನಾಡುಗಳಲ್ಲಿ ಅದರ ನೊರೆಯನ್ನೋ ಬಳಸುತ್ತಿದ್ದರು. ಗೋವಾದಲ್ಲಿ ಆ ಜಾಗಕ್ಕೆ ಬಂದದ್ದು ತೆಂಗಿನ ಕಳ್ಳು, ಕೊಂಕಣಿಯ ಸೂರ್. ತೆಂಗಿನ ಹೊಂಬಾಳೆಯನ್ನು ಬಿಗಿದು ಕಟ್ಟಿ, ತುದಿ ಕೊಯ್ದು, ಒಸರುವ ರಸವನ್ನು ಮಣ್ಣಿನ ಕುಡಿಕೆಯಲ್ಲಿ ಹಿಡಿಯುತ್ತಾರೆ. ಗಾಳಿಯಲ್ಲೂ ಕುಡಿಕೆಯಲ್ಲೂ ಇರುವ ಸೂಕ್ಷ್ಮಾಣುಗಳಿಂದ ಕೆಲವೇ ಗಂಟೆಗಳಲ್ಲಿ ಆ ಸಿಹಿ ರಸ ನೊರೆಯೇಳುತ್ತದೆ. ಆ ನೊರೆ ಹಿಟ್ಟಿಗೆ ಸೇರಿದರೆ ಹಿಟ್ಟು ಉಬ್ಬುತ್ತದೆ, ಪಾವಿಗೆ ಸಣ್ಣ ಹುಳಿಯೂ ಸಿಹಿಯೂ ಬರುತ್ತದೆ. ಅಕ್ಕಿಹಿಟ್ಟಿಗೆ ಕಳ್ಳು ಬೆರೆಸಿ ಹಬೆಯಲ್ಲಿ ಬೇಯಿಸುವ ಸನ್ನದ ಹಿಂದಿರುವುದೂ ಇದೇ ತಿಳಿವಳಿಕೆ.

ಹೀಗಾಗಿ ಪೊದೇರನ ಕಸುಬು ಮೊದಲಿನಿಂದಲೂ ಕಳ್ಳು ಇಳಿಸುವ ರೆಂದೇರನ ಕಸುಬಿಗೆ ಅಂಟಿಕೊಂಡೇ ಬೆಳೆಯಿತು. ರೆಂದೇರ್ ದಿನಕ್ಕೆ ಮೂರು ಸಲ ಮರ ಹತ್ತುತ್ತಿದ್ದ. ಬೆಳಿಗ್ಗೆ ಮತ್ತು ಸಂಜೆ ಕಳ್ಳು ಇಳಿಸಲು, ನಡುಹಗಲಲ್ಲಿ ಹೊಂಬಾಳೆಯ ತುದಿ ಸವರಲು. ಸೊಂಟದಲ್ಲಿ ಕತ್ತಿ, ಕಳ್ಳು ತುಂಬಿಕೊಳ್ಳಲು ಸೋರೆಬುರುಡೆ ಅವನ ಸಲಕರಣೆ. ಅವನು ಇಳಿಸಿದ ಕಳ್ಳಿನಲ್ಲಿ ಒಂದು ಪಾಲು ಪಾವಿಗೆ, ಒಂದು ಪಾಲು ಬಟ್ಟಿ ಇಳಿಸಿ ತೆಂಗಿನ ಫೆನಿ ಮಾಡಲು, ಇನ್ನೊಂದು ಪಾಲು ಹುಳಿಗಟ್ಟಿಸಿ ವಿನೆಗರ್ ಮಾಡಲು ಹೋಗುತ್ತಿತ್ತು. ಪೋರ್ಚುಗಲ್ಲಿನಲ್ಲಿ ದ್ರಾಕ್ಷಾರಸದಿಂದ ಬರುತ್ತಿದ್ದ ಹುಳಿಯನ್ನು ವಿಂದಾಲು, ಸೊರ್ಪೊತೆಲ್ ಎಂಬ ಮಾಂಸದ ಅಡುಗೆಗಳು, ಗೋವಾದ ಚೊರಿಸ್ ಎಂಬ ಹಂದಿ ಮಾಂಸದ ಸಾಸೇಜ್ ಇವೆಲ್ಲಕ್ಕೂ ಕೊಟ್ಟದ್ದು ಈ ಕಳ್ಳಿನ ವಿನೆಗರ್. ಇವುಗಳಿಗೆ ಖಾರ ಕೊಟ್ಟ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲೇ ಬಂದದ್ದು.

ಪಾವ್ ಸುಡುವ ವಿದ್ಯೆ ಊರವರ ಕೈಗೆ ದಾಟಿದ್ದು ಸಾಷ್ಟಿಯಲ್ಲಿ ಎಂಬುದು ಗೋವಾದಲ್ಲಿ ಬಹುಕಾಲದಿಂದ ಬಂದಿರುವ ಹೇಳಿಕೆ. ಜೆಸ್ವಿಟ್ ಸಂಘದ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವಾಕ್ಕೆ ಬಂದ ಮೇಲೆ ಆ ಸಂಘದ ಪಾದ್ರಿಗಳು ಇಲ್ಲಿ ನೆಲೆಯೂರಿದರು. ಸಾಷ್ಟಿಯ ಇಗರ್ಜಿಗಳ ಹೊಣೆ ಅವರದಾಯಿತು. ಮಾಜೋರ್ಡಾ ಊರಿನ ಚಾರ್ಡೊ ಜಾತಿಯ ಕ್ರೈಸ್ತರಿಗೆ ಈ ಪಾದ್ರಿಗಳು ಬೇಕರಿ ಕೆಲಸ ಕಲಿಸಿದರು, ಅಲ್ಲಿಂದ ಪೊದೇರರು ಉಳಿದ ಊರುಗಳಿಗೆ ಹರಡಿದರು ಎನ್ನುತ್ತಾರೆ. ಮಾಜೋರ್ಡಾದ ಹೆಸರು ಇಂದಿಗೂ ಪೊದೇರರ ಊರೆಂದೇ ಬಳಕೆಯಲ್ಲಿದೆ. ಜೆಸ್ವಿಟರನ್ನು 1759ರಲ್ಲಿ ಪೋರ್ಚುಗೀಸ್ ಸರ್ಕಾರವೇ ಹೊರಹಾಕಿತು. ಕಸುಬು ಅಷ್ಟರಲ್ಲಿ ಕುಟುಂಬಗಳ ಆಸ್ತಿಯಾಗಿತ್ತು.

ರೊಟ್ಟಿಯ ಜೊತೆಗೆ ಧರ್ಮದ ಗಡಿಯೂ ಬಂತು. ಮತಾಂತರದ ಆರಂಭದ ದಶಕಗಳಲ್ಲಿ ಪಾವ್ ತಿಂದವರು ಜಾತಿಗೆಟ್ಟವರೆಂದು ಹಿಂದೂಗಳು ದೂರವಿಡುತ್ತಿದ್ದರು. ಬಾವಿಗೆ ಪಾವ್ ಎಸೆದು, ಆ ನೀರು ಕುಡಿದವರನ್ನು ಮತಾಂತರಗೊಂಡವರೆಂದು ಎಣಿಸುತ್ತಿದ್ದರೆಂಬ ಕಥೆ ಗೋವಾದ ಜನಪದದಲ್ಲಿ ಇಂದಿಗೂ ಕೇಳಿಬರುತ್ತದೆ. ಇನ್ನೊಂದು ಕಡೆ, 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ನಡೆದ ಧರ್ಮವಿಚಾರಣಾ ನ್ಯಾಯಾಲಯ ಹೊಸ ಕ್ರೈಸ್ತರ ಅಡುಗೆಮನೆಯ ಮೇಲೂ ಕಣ್ಣಿಟ್ಟಿತ್ತು. ಅದು 1736ರಲ್ಲಿ ಹೊರಡಿಸಿದ ಆಜ್ಞೆಯ ನಿಷೇಧಗಳಲ್ಲಿ ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸಬಾರದು ಎಂಬುದೂ ಸೇರಿತ್ತು.

ಈ ಕಿರುಕುಳ, ಬರ, ಮರಾಠರ ದಾಳಿಗಳಿಂದ ಗೋವಾದ ಸಾರಸ್ವತರೂ ಕ್ರೈಸ್ತರೂ ಹಲವು ಅಲೆಗಳಲ್ಲಿ ಕನ್ನಡ ಕರಾವಳಿಗೆ ವಲಸೆ ಬಂದರು. ಮಂಗಳೂರು, ಕುಂದಾಪುರದ ಕಡೆಗೆ ಬಂದವರ ಊಟದಲ್ಲಿ ಸನ್ನ, ಹಂದಿ ಮಾಂಸದ ಬಾಫತ್, ಹಬ್ಬದ ತಿನಿಸುಗಳಾದ ಕುಸ್ವಾರ್ ಉಳಿದವು. ಪಾವಿಗೆ ಮಾತ್ರ ಅಲ್ಲಿ ಗೋವಾದಷ್ಟು ಗಟ್ಟಿ ಜಾಗ ಸಿಗಲಿಲ್ಲ. ಗೋವಾದೊಳಗೂ ಪಾವಿನ ಹರಡುವಿಕೆ ಒಂದೇ ಸಮನಾಗಿರಲಿಲ್ಲ. ತಿಸ್ವಾಡಿ, ಬಾರ್ದೇಸ್, ಸಾಷ್ಟಿ 16ನೇ ಶತಮಾನದಲ್ಲೇ ಪೋರ್ಚುಗೀಸರ ಆಳ್ವಿಕೆಗೆ ಸೇರಿದ ಭಾಗಗಳು. ಫೋಂಡಾ, ಕಾಣಕೋಣ, ಸಾಂಗೆ, ಕೇಪೆಗಳು ಸೋದೆ ಅರಸರಿಂದ 18ನೇ ಶತಮಾನದಲ್ಲಿ ಅವರ ಕೈಗೆ ಬಂದವು. ಹೊಸದಾಗಿ ಸೇರಿದ ಈ ಪ್ರದೇಶದಲ್ಲಿ ಮತಾಂತರದ ಒತ್ತಡ ಕಡಿಮೆ, ಹಿಂದೂಗಳೇ ಹೆಚ್ಚು. ಅಲ್ಲಿ ಪೊದೇರನ ಒಲೆಗಳೂ ವಿರಳವಾಗಿದ್ದವು. ಹಿಂದೂ ಮನೆಗಳು ಪಾವನ್ನು ಸಲೀಸಾಗಿ ಒಪ್ಪಿಕೊಂಡದ್ದು ಇತ್ತೀಚಿನ ಮಾತು. ಬಟಾಣಿ ಅಥವಾ ಆಲೂಗಡ್ಡೆಯ ಭಾಜಿಯೊಂದಿಗೆ ಪಾವ್ ತಿನ್ನುವುದು ಇಂದು ಎಲ್ಲ ಧರ್ಮದವರ ಬೆಳಗಿನ ತಿಂಡಿ.

ಪೊದೇರನ ಒಲೆ ಇಟ್ಟಿಗೆ ಮತ್ತು ಮಣ್ಣಿನಿಂದ ಕಟ್ಟಿದ ಗುಮ್ಮಟದ ಆಕಾರದ್ದು. ಒಳಗೇ ಸೌದೆ ಉರಿಸಿ, ಗೋಡೆಗಳು ಕಾದ ಮೇಲೆ ಕೆಂಡವನ್ನು ಬದಿಗೆ ಸರಿಸುತ್ತಾರೆ. ಉದ್ದ ಹಿಡಿಯ ಮರದ ಹಲಗೆಯಿಂದ ಹಿಟ್ಟಿನ ಉಂಡೆಗಳನ್ನು ಬಿಸಿ ನೆಲದ ಮೇಲೆ ಜಾರಿಸುತ್ತಾರೆ. ದಪ್ಪ ಗೋಡೆ ಹೀರಿಕೊಂಡ ಬಿಸಿಯೇ ಪಾವನ್ನು ಬೇಯಿಸುತ್ತದೆ. ಸಂಜೆ ಕಲಸಿ ರಾತ್ರಿಯೆಲ್ಲ ಹುದುಗಲು ಬಿಟ್ಟ ಹಿಟ್ಟು ನಸುಕಿನಲ್ಲಿ ಒಲೆ ಸೇರುತ್ತದೆ. ಮಧ್ಯಾಹ್ನದ ಮೇಲೆ ಎರಡನೆಯ ಸರದಿ.

ಒಲೆಯಿಂದ ಹೊರಬರುವ ರೊಟ್ಟಿಗಳಲ್ಲಿ ಹಲವು ಬಗೆ. ಚೌಕಾಕಾರದ ಮೆತ್ತನೆಯದು ಸಾದಾ ಪಾವ್. ಉಂಡೊ ದುಂಡಗಿದ್ದು, ಹೊರಮೈ ಗರಿಗರಿ, ನಡುವೆ ಒಂದು ಗೀರು. ಕಾತ್ರೆಚೊ ಪಾವನ್ನು ಕತ್ತರಿಯಿಂದ ಸೀಳುವುದರಿಂದ ಅದು ಚಿಟ್ಟೆಯ ಆಕಾರ ತಾಳುತ್ತದೆ. ಪೊಯಿಗೆ ಗೋಧಿಯ ತೌಡು ಬೆರೆಸಿ ಮೇಲೂ ಉದುರಿಸುತ್ತಾರೆ. ಒಳಗೆ ಟೊಳ್ಳಾಗಿರುವುದರಿಂದ ಭಾಜಿ, ಚೊರಿಸ್ ತುಂಬಲು ಅನುಕೂಲ. ಬಳೆಯಾಕಾರದ, ಗಟ್ಟಿಯಾದ ಕಾಂಕಣವನ್ನು ಚಹದಲ್ಲಿ ಅದ್ದಿ ತಿನ್ನುತ್ತಾರೆ. ಮದುವೆಯಲ್ಲಿ ಬೀಗರ ಮನೆಗೆ ಕಳಿಸುವ ಹೊರೆಕಾಣಿಕೆಯಲ್ಲಿ ತೆಂಗು, ಬೆಲ್ಲ ಹಾಕಿದ ಸಿಹಿ ರೊಟ್ಟಿ ಬೋಲ್ ಇರಲೇಬೇಕು. ಕ್ರಿಸ್‌ಮಸ್‌ಗೆ ರವೆ ಮತ್ತು ತೆಂಗಿನ ಬಿಸ್ಕತ್ತು ಬೊಲಿನ್ಹಾಸ್ ಬೇಕು. ಹೀಗೆ ಪೊದೇರ್ ದಿನದ ಊಟಕ್ಕೂ ಹಬ್ಬಕ್ಕೂ ಬೇಕಾದವನಾದ.

ಸೈಕಲ್ ಬರುವ ಮೊದಲು ಪೊದೇರ್ ತಲೆಯ ಮೇಲೆ ಬುಟ್ಟಿ ಹೊತ್ತು, ಝಣಝಣ ಸದ್ದು ಮಾಡುವ ಬಿದಿರಿನ ಕೋಲು ಕುಟ್ಟುತ್ತ ನಡೆದು ಬರುತ್ತಿದ್ದ. ಮೊಣಕಾಲು ಮುಟ್ಟುವ ಕಬಾಯಿ ಅವನ ಉಡುಪು. ಪಾವಿನ ಲೆಕ್ಕವನ್ನು ಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದಿಟ್ಟು ತಿಂಗಳ ಕೊನೆಗೆ ಹಣ ಪಡೆಯುತ್ತಿದ್ದ. ಗೋವಾದ ಲೇಖಕ ಲೂಸಿಯೊ ರೋಡ್ರಿಗ್ಸ್ ಅವರು ಈ ಹಳೆಯ ಪೊದೇರನ ಬಗ್ಗೆ ಬರೆದ ಪ್ರಬಂಧ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಸೇರಿರುವುದರಿಂದ ದೇಶದ ಲಕ್ಷಾಂತರ ಮಕ್ಕಳಿಗೆ ಅವನ ಪರಿಚಯವಿದೆ.

19ನೇ ಶತಮಾನದ ಕೊನೆಯಲ್ಲಿ ಕಸುಬಿಗೆ ಪೆಟ್ಟು ಬಿದ್ದದ್ದು ಕಳ್ಳಿನ ಕಡೆಯಿಂದ. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಂತೆ ಗೋವಾದ ಉಪ್ಪಿನ ತಯಾರಿಕೆ ಬ್ರಿಟಿಷರ ಹಿಡಿತಕ್ಕೆ ಹೋಯಿತು, ಕಳ್ಳಿನ ಮೇಲೆ ಅಬಕಾರಿ ಸುಂಕ ಬಿತ್ತು. ಉಪ್ಪಿಗೆ ಪರಿಹಾರವಾಗಿ ಬ್ರಿಟಿಷರು ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕಿತ್ತು. ಜನರ ಕೈಗೆ ಬಂದದ್ದು ನಿರುದ್ಯೋಗ. 1892ರಲ್ಲಿ ಒಪ್ಪಂದ ಕೊನೆಗೊಳ್ಳುವಷ್ಟರಲ್ಲಿ ಹಲವಾರು ರೆಂದೇರರು ಊರು ಬಿಟ್ಟಿದ್ದರು. ಇದೇ ಒಪ್ಪಂದದ ಫಲವಾಗಿ ಮುರ್ಗಾಂವ್ ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ರೈಲು ಹಾಕಲಾಯಿತು. 1888ರಲ್ಲಿ ಅದು ಹುಬ್ಬಳ್ಳಿ ಕಡೆಯ ಮಾರ್ಗಕ್ಕೆ ಕೂಡಿಕೊಂಡು, ಗೋವಾದವರ ವಲಸೆಗೆ ಹೊಸ ದಾರಿ ತೆರೆಯಿತು.

ಮುಂಬೈಗೆ ಹೋದ ಗೋವಾದ ಕ್ರೈಸ್ತರಲ್ಲಿ ಅಡುಗೆಯವರು, ಬಟ್ಲರ್‌ಗಳು, ಹಡಗಿನ ಬಾಣಸಿಗರು, ಬೇಕರಿಯವರು ಹೆಚ್ಚು. ಗೋಮಾಂಸ, ಹಂದಿ ಮಾಂಸ ಮುಟ್ಟಲು ಅವರಿಗೆ ಮಡಿಯ ಅಡ್ಡಿ ಇರಲಿಲ್ಲವಾದ್ದರಿಂದ ಬ್ರಿಟಿಷರ ಅಡುಗೆಮನೆಗಳಲ್ಲಿ ಬೇಡಿಕೆ ಇತ್ತು. ಧೋಬಿ ತಲಾವ್ ಸುತ್ತಮುತ್ತ ಊರಿಗೊಂದರಂತೆ ಕೂಡ್ ಎಂಬ ವಸತಿ ಸಂಘಗಳನ್ನು ಕಟ್ಟಿಕೊಂಡು ಅವರು ಬದುಕಿದರು. ಮುಂಬೈಯ ಪಾವ್ ಬೆಳೆದದ್ದು ಬಹುಮಟ್ಟಿಗೆ ಇವರ ಕೈಯಲ್ಲೇ. ಮುಂದೆ ಇರಾನಿ ಬೇಕರಿಗಳು ಅದಕ್ಕೆ ಜೊತೆಯಾದವು. ವಡಾಪಾವ್, ಪಾವ್‌ಭಾಜಿ ತಿನ್ನುವ ಹುಬ್ಬಳ್ಳಿ, ಬೆಳಗಾವಿಯವರ ತಟ್ಟೆಗೂ ಈ ಇತಿಹಾಸದ ಒಂದು ತುಣುಕು ಬಂದಿದೆ.

1955ರಲ್ಲಿ ಭಾರತ ಸರ್ಕಾರ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಬೆಳಗಾವಿಯಿಂದ ಬರುತ್ತಿದ್ದ ತರಕಾರಿ, ಧಾನ್ಯ ನಿಂತಿತು. ಆಲೂಗಡ್ಡೆ ನೆದರ್ಲೆಂಡ್ಸ್‌ನಿಂದ, ಅಕ್ಕಿ ಪಾಕಿಸ್ತಾನದಿಂದ, ಚಹ ಸಿಲೋನಿನಿಂದ ಹಡಗಿನಲ್ಲಿ ಬರತೊಡಗಿತು. 1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿದ ಮೇಲೆ ಘಟ್ಟದ ಮೇಲಿನ ವ್ಯಾಪಾರ ಮತ್ತೆ ತೆರೆಯಿತು. ಪೋರ್ಚುಗೀಸರು ಹೋದರು, ಪೊದೇರ್ ಉಳಿದ.

ನಂತರದ ದಶಕಗಳಲ್ಲಿ ಕಸುಬಿನ ಒಳಗೇ ದೊಡ್ಡ ಬದಲಾವಣೆಯಾಯಿತು. ರೆಂದೇರರ ಮಕ್ಕಳು ಮರ ಹತ್ತುವುದನ್ನು ಬಿಟ್ಟರು. ಕಳ್ಳು ದುಬಾರಿಯೂ ಅಪರೂಪವೂ ಆಯಿತು. ಅದರ ಬದಲು ಕಾರ್ಖಾನೆಯ ಯೀಸ್ಟ್ ಬಂತು. ಹಲವು ಪೊದೇರ್ ಕುಟುಂಬಗಳ ಮಕ್ಕಳು ಕೊಲ್ಲಿ ದೇಶ, ಯುರೋಪ್, ಹಡಗಿನ ನೌಕರಿ ಹಿಡಿದರು. ಅವರ ಒಲೆಗಳನ್ನು ಬಾಡಿಗೆಗೆ ಪಡೆದು ನಡೆಸುವವರಲ್ಲಿ ಉತ್ತರ ಕರ್ನಾಟಕದಿಂದ ಬಂದವರೂ ಇದ್ದಾರೆ. ಸೌದೆಯ ಬೆಲೆ, ಹಿಟ್ಟಿನ ಬೆಲೆ ಏರಿದಾಗಲೆಲ್ಲ ಪಾವಿನ ದರದ ಬಗ್ಗೆ ಊರಲ್ಲಿ ಚರ್ಚೆ ಏಳುತ್ತದೆ.

ಇದೇ ಕಾಲದಲ್ಲಿ ಪಾವಿಗೆ ಇನ್ನೊಂದು ಬಗೆಯ ಗಿರಾಕಿ ಬಂದಿದ್ದಾನೆ. ಪಣಜಿಯ ಆಲ್ಟಿನ್ಹೊ ಗುಡ್ಡದ ಬುಡದ ಹಳೆಯ ಬಡಾವಣೆ ಫೊಂಟೈನ್ಹಾಸ್‌ನಲ್ಲಿ ನಾಲ್ಕಾರು ಜನರ ಗುಂಪುಗಳನ್ನು ಕಟ್ಟಿಕೊಂಡು ಊಟದ ನಡಿಗೆ ನಡೆಸುವ ಮಾರ್ಗದರ್ಶಿಗಳಿದ್ದಾರೆ. ಬೇಕರಿಯ ಒಲೆ, ಚೊರಿಸ್ ಪಾವ್, ಕೋಳಿ ಸಾರು ಸುರಿದ ರೋಸ್ ಆಮ್ಲೆಟ್, ಪದರ ಪದರದ ಬೆಬಿಂಕಾ, ಫೆನಿ ಇಂಥ ನಡಿಗೆಗಳ ನಿಲ್ದಾಣಗಳು. ಗೋವಾದ ಇತರ ಉತ್ಪನ್ನಗಳಲ್ಲಿ ಗೇರು ಫೆನಿಗೆ 2009ರಲ್ಲಿ, ಕಾಣಕೋಣದ ಖೋಲಾ ಮೆಣಸಿನಕಾಯಿಗೆ 2020ರಲ್ಲಿ, ಬೆಬಿಂಕಾಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಇಂಥ ಮಾನ್ಯತೆಯೂ ಪ್ರವಾಸಿಗರ ಕುತೂಹಲವೂ ಕಸುಬಿಗೆ ಗೌರವ ತರಬಲ್ಲವು. ದಿನದ ಎರಡು ಸರದಿಯ ಪಾವನ್ನು ಕೊಂಡು ಒಲೆ ನಡೆಸುವವರು ಮಾತ್ರ ಹಳ್ಳಿಯ ಮನೆಗಳವರೇ. ಕಳ್ಳಿನ ಹುದುಗು ಬಹುಪಾಲು ಈಗಾಗಲೇ ಹೋಗಿದೆ. ಸೌದೆಯ ಒಲೆ ಮತ್ತು ಮನೆಬಾಗಿಲ ವರ್ತನೆ ಉಳಿದಿವೆ. ನಸುಕಿಗೆ ಎದ್ದು ಹಿಟ್ಟು ಸುಡಲು ಮುಂದಿನ ತಲೆಮಾರಿಗೆ ಸಾಕಷ್ಟು ಆದಾಯ ಸಿಕ್ಕರೆ ಮಾತ್ರ ಅವು ಮುಂದುವರಿಯಬಲ್ಲವು.