ಬೀಜ, ಕ್ಷೇತ್ರ ಮತ್ತು ತಾಯಿಯ ಶಾಪ

'ಬಂಜೆ' ಎಂಬುದು ನಮ್ಮ ಭಾಷೆಯ ಹಳೆಯ ಮಾತು. ಸಂಸ್ಕೃತದ 'ವಂಧ್ಯಾ' ಎಂಬ ಶಬ್ದವೇ ಸವೆದು ಸವೆದು ನಮ್ಮಲ್ಲಿ ಈ ರೂಪ ತಾಳಿದೆ. ಇದಕ್ಕೆ ಸರಿಸಮನಾದ ಪುಲ್ಲಿಂಗ ಪದ ನಮ್ಮ ದಿನಬಳಕೆಯಲ್ಲಿಲ್ಲ. 'ಷಂಡ', 'ನಪುಂಸಕ' ಎಂಬ ಬಯ್ಗುಳಗಳುಂಟು. ಅವು ಹೇಳುವ ಕೊರತೆಯೇ ಬೇರೆ. ಮೈಯಲ್ಲಿ ಯಾವ ಊನವೂ ಕಾಣದೆ, ಸಂಸಾರದಲ್ಲಿ ಯಾವ ತೊಡಕೂ ಇಲ್ಲದೆ, ಆದರೂ ತಂದೆಯಾಗಲಾರದ ಗಂಡಸಿಗೆ ಹೆಸರಿಡದೆಯೇ ಭಾಷೆ ಸುಮ್ಮನಾಗಿಬಿಟ್ಟಿದೆ.

ನಮ್ಮ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಅವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲು ಊರಿನ ಅಶ್ವತ್ಥಕಟ್ಟೆಯ ಮೇಲೆ ಈಗಲೂ ಇದೆ. ನಾನು ಹುಟ್ಟುವುದಕ್ಕೆ ಮೊದಲೇ ದೊಡ್ಡಪ್ಪನಿಗೆ ಇನ್ನೊಂದು ಮದುವೆ ಮಾಡಿದ್ದರು. ಗಂಡು ಬೀಜ, ಹೆಣ್ಣು ಕ್ಷೇತ್ರ. ಬೆಳೆ ಬಾರದಿದ್ದರೆ ನೆಲವನ್ನು ಬದಲಿಸಬೇಕು. ಧರ್ಮಶಾಸ್ತ್ರಗಳ ಈ ಉಪಮಾನ ಹಳ್ಳಿಯ ಮನೆಯಲ್ಲಿ ಎಷ್ಟು ಸಲೀಸಾಗಿ ತೀರ್ಪಾಗಿಬಿಡುತ್ತಿತ್ತು ಎನ್ನುವುದಕ್ಕೆ ಇದೊಂದು ನಿದರ್ಶನ.

ಬೀಜದ ಈ ಹಿರಿಮೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. 1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಮಾಡಿಕೊಂಡ ಮಸೂರದ ಕೆಳಗೆ ವೀರ್ಯಾಣುಗಳು ಬಾಲ ಬಡಿದು ಈಜುವುದನ್ನು ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. 1694ರಲ್ಲಿ ಹಾರ್ಟ್‌ಸೂಕರ್ ಎಂಬಾತ ವೀರ್ಯಾಣುವಿನ ತಲೆಯೊಳಗೆ ಮೊಣಕಾಲು ಮಡಚಿ ಕುಳಿತಿರಬಹುದಾದ ಪುಟ್ಟ ಮನುಷ್ಯನ ಚಿತ್ರವನ್ನೇ ಬರೆದು ಅಚ್ಚು ಹಾಕಿಸಿದ. ತಾಯಿಗೆ ಅಲ್ಲಿ ಉಳಿದದ್ದು ಹೊರುವ ಕೆಲಸ ಮಾತ್ರ.

ಇನ್ನೂರು ವರ್ಷ ಕಳೆದು, 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ವೀರ್ಯಾಣು ರೂಪುಗೊಳ್ಳುವ ಬಗೆಯನ್ನು ಪರೀಕ್ಷಿಸುತ್ತಿದ್ದಾಗ, ಬಣ್ಣ ಹಾಕಿದ ಜೀವಕೋಶಗಳಲ್ಲಿ ಕಾಳುಕಾಳಾಗಿಯೂ ನೂಲಿನಂತೆಯೂ ತೋರುವ ಕಣಗಳನ್ನು ಗುರುತಿಸಿದ. ಗ್ರೀಕ್ ಭಾಷೆಯಲ್ಲಿ 'ಮಿಟೋಸ್' ಎಂದರೆ ನೂಲು, 'ಕಾಂಡ್ರೋಸ್' ಎಂದರೆ ಕಾಳು. ಎರಡನ್ನೂ ಸಮಾಸ ಮಾಡಿ ಅವನು 'ಮೈಟೊಕಾಂಡ್ರಿಯ' ಎಂದು ಹೆಸರಿಟ್ಟ. ಜೀವಕೋಶಕ್ಕೆ ಶಕ್ತಿಯೊದಗಿಸುವ ಒಲೆಗಳಿವು ಎಂಬುದು ಅನಂತರದ ತಿಳಿವಳಿಕೆ. ವೀರ್ಯಾಣುವಿನ ಕತ್ತಿನ ಕೆಳಗೆ, ಬಾಲದ ಬುಡದಲ್ಲಿ, ಸುಮಾರು 50ರಿಂದ 75ರಷ್ಟು ಇಂಥ ಕಣಗಳು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ.

1963ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾರ್ಗಿಟ್ ಮತ್ತು ಸಿಲ್ವನ್ ನಾಸ್ ದಂಪತಿಗಳು ಕೋಳಿಯ ಭ್ರೂಣದ ಮೈಟೊಕಾಂಡ್ರಿಯದೊಳಗೆ ಡಿ.ಎನ್.ಎ. ಇರುವುದನ್ನು ಕಂಡರು. ಕೋಶಕೇಂದ್ರದ ಹೊರಗೂ ಒಂದು ಪುಟ್ಟ ವಂಶಲಿಪಿ! 1980ರಲ್ಲಿ, ಮನುಷ್ಯರಲ್ಲಿ ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆಂದು ಅಮೆರಿಕದಲ್ಲಿ ತೋರಿಸಲಾಯಿತು. ಮರುವರ್ಷ ಕೇಂಬ್ರಿಜ್‌ನಲ್ಲಿ ಆ ಲಿಪಿಯನ್ನು ಪೂರ್ತಿ ಓದಿದರು: 16,569 ಅಕ್ಷರಗಳು, 37 ವಂಶವಾಹಿಗಳು. ತಂದೆಯ ಮೈಟೊಕಾಂಡ್ರಿಯಗಳು ಅಂಡಾಣುವನ್ನು ಹೊಕ್ಕರೂ ಅಲ್ಲಿ ಉಳಿಯುವುದಿಲ್ಲ. ಅಂಡಾಣು ಅವನ್ನು ಗುರುತುಹಚ್ಚಿ ಅಳಿಸಿಬಿಡುತ್ತದೆ. ಎಂದರೆ, ಗಂಡಿನ ಬೀಜ ರೂಪುಗೊಳ್ಳಲು ಒದಗುವ ಈ ಒಲೆಗಳು ಅವನ ತಾಯಿಯ ಕೊಡುಗೆ; ಅದನ್ನು ಅವನು ಮುಂದಕ್ಕೆ ದಾಟಿಸಲಾರ.

ಇಲ್ಲಿಂದ ಹುಟ್ಟಿದ ತರ್ಕ ಸೊಗಸಾದುದು. 1996ರಲ್ಲಿ ಫ್ರ್ಯಾಂಕ್ ಮತ್ತು ಹರ್ಸ್ಟ್ ಎಂಬ ವಿದ್ವಾಂಸರು ಹೀಗೆ ವಾದಿಸಿದರು: ಹೆಣ್ಣಿಗೆ ಏನೂ ತೊಂದರೆ ಮಾಡದೆ, ವೀರ್ಯಾಣುವನ್ನು ಮಾತ್ರ ಕುಂದಿಸುವ ಒಂದು ದೋಷ ಈ ಲಿಪಿಯಲ್ಲಿ ತಲೆದೋರಿತೆನ್ನಿ. ಗಂಡು ನಿಸ್ಸಂತಾನನಾದರೂ ದೋಷ ಅಳಿಯುವುದಿಲ್ಲ, ಅವನ ಅಕ್ಕತಂಗಿಯರ ಮೂಲಕ ನಿರಾತಂಕವಾಗಿ ಸಾಗುತ್ತದೆ. ಪ್ರಕೃತಿಯ ಜರಡಿಗೆ ಅದು ಸಿಕ್ಕುವುದೇ ಇಲ್ಲ. 2004ರಲ್ಲಿ ಮೂವರು ಜೀವಶಾಸ್ತ್ರಜ್ಞರು ಇದಕ್ಕೊಂದು ಹೆಸರು ಕೊಟ್ಟರು: 'ತಾಯಿಯ ಶಾಪ'.

ಭಾಷೆಯನ್ನು ಪಾಠ ಹೇಳಿಕೊಂಡು ಬಂದವನಾದ ನನಗೆ ಈ ಹೆಸರು ಮುಳ್ಳಿನಂತೆ ಚುಚ್ಚುತ್ತದೆ. ಹೆಂಡತಿಯ ತಲೆಯಿಂದ ಇಳಿಸಿದ ಹೊರೆಯನ್ನು ಅತ್ತೆಯ ತಲೆಗೆ ಏರಿಸಿದಂತಾಗಲಿಲ್ಲವೆ? ಚುಚ್ಚುತ್ತದೆಂದ ಮಾತ್ರಕ್ಕೆ ಸುಳ್ಳೆನ್ನಲಾಗದು, ನಿಜ. ಆದರೆ ಇದಕ್ಕೆ ಉತ್ತರ ನಮ್ಮ ಜೋಳದ ಹೊಲದಲ್ಲೇ ಇದೆ.

1954ರಲ್ಲಿ ಟೆಕ್ಸಾಸ್‌ನ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬವರು ಒಂದು ಸಂಗತಿಯನ್ನು ಪ್ರಕಟಿಸಿದರು. 'ಮೈಲೋ' ಎಂಬ ಜೋಳದ ತಳಿಯನ್ನು ತಾಯಿಯಾಗಿಸಿ, 'ಕಾಫಿರ್' ತಳಿಯ ಪರಾಗವನ್ನು ತಲೆಮಾರಿನಿಂದ ತಲೆಮಾರಿಗೆ ಬೆರೆಸುತ್ತ ಹೋದಾಗ, ಗಿಡ ಹುಲುಸಾಗಿ ಬೆಳೆದು ತೆನೆ ಹೊರಡುತ್ತದೆ. ಆದರೆ ಅದರ ಪರಾಗದಲ್ಲಿ ಜೀವವಿಲ್ಲ. ಗಂಡಾಗಿ ಬಂಜೆ, ಹೆಣ್ಣಾಗಿ ಫಲವತಿ. ಇಂಥ ಸಸ್ಯಗಳ ಪರಾಗ ಬರಡಾಗುವುದರ ಮೂಲ ತಾಯಿಯ ಕಡೆಯಿಂದ ಬಂದ ಮೈಟೊಕಾಂಡ್ರಿಯದಲ್ಲಿದೆ. ಈ ಬರಡುತನವನ್ನೇ ವರವಾಗಿಸಿಕೊಂಡು ಮಿಶ್ರತಳಿಯ ಬೀಜ ತಯಾರಿಸಿದರು. ನಮ್ಮ ದೇಶದಲ್ಲಿ 1964ರಲ್ಲಿ ಬಂದ ಸಿ.ಎಸ್.ಎಚ್.-1 ಇಂಥದು, ನಮ್ಮ ರೈತರ ಬಾಯಲ್ಲಿ ಅದು 'ಹೈಬ್ರಿಡ್ ಜೋಳ'ವಾಯಿತು.

ಇಲ್ಲಿ ಗಮನಿಸಬೇಕಾದುದು ಬೇರೊಂದಿದೆ. ಮೈಲೋ ತನ್ನ ಪಾಡಿಗೆ ತಾನಿದ್ದಾಗ ಅದರ ಪರಾಗಕ್ಕೆ ಏನೂ ಕುಂದಿಲ್ಲ. ಕಾಫಿರ್‌ಗೂ ಇಲ್ಲ. ಒಂದರ ಕೋಶದ್ರವ್ಯಕ್ಕೆ ಇನ್ನೊಂದರ ಕೋಶಕೇಂದ್ರ ಬಂದು ಸೇರಿದಾಗ ಮಾತ್ರ ಪರಾಗ ಸಾಯುತ್ತದೆ. ಮತ್ತೆ ಬೇರೊಂದು ತಕ್ಕ ತಳಿಯನ್ನು ತಂದೆಯಾಗಿಸಿದರೆ, ಅದರ ವಂಶವಾಹಿಗಳು ಮುಂದಿನ ಪೀಳಿಗೆಯ ಪರಾಗಕ್ಕೆ ಜೀವ ತರುತ್ತವೆ. ಹೊಲದಲ್ಲಿ ಹೈಬ್ರಿಡ್ ಜೋಳ ಕಾಳುಕಟ್ಟುವುದು ಹೀಗೆ. ಶಾಪವಿದ್ದರೆ ಅದು ತಾಯಿಯದಲ್ಲ, ಕೂಟದ್ದು. ಜಾತಕ ಕೂಡಿಬರಲಿಲ್ಲ ಎನ್ನುವ ನಮ್ಮ ಹಿರಿಯರ ಮಾತು ಇಲ್ಲಿ ಹೆಚ್ಚು ಒಪ್ಪುತ್ತದೆ!

ಮನುಷ್ಯರ ವಿಷಯ ಇಷ್ಟು ತಿಳಿಯಾಗಿಲ್ಲ. 2000ದಲ್ಲಿ ಸ್ಪೇನಿನ ಸರಗೋಸದ ಸಂಶೋಧಕರು, ತಾಯಿಯ ಕಡೆಯ ಒಂದು ವಂಶಶಾಖೆಗೂ ವೀರ್ಯಾಣುಗಳ ಮಂದಗತಿಗೂ ನಂಟುಂಟೆಂದರು. ಬೇರೆಡೆಯ ಶೋಧಗಳೆಲ್ಲ ಅದನ್ನು ಎತ್ತಿಹಿಡಿಯಲಿಲ್ಲ. 2003ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದವರು ಇಂಥ ರೋಗಿಯೊಬ್ಬನ ವೀರ್ಯಾಣುಗಳ ಮೈಟೊಕಾಂಡ್ರಿಯದ ಲಿಪಿಯಲ್ಲಿ ಎರಡು ಅಕ್ಷರಗಳು ಬಿಟ್ಟುಹೋಗಿರುವುದನ್ನು ವರದಿ ಮಾಡಿದರು. 2016ರಲ್ಲಿ ಹಣ್ಣಿನ ನೊಣಗಳಲ್ಲಿ, ಈ ಲಿಪಿಯ ಒಂದೇ ಒಂದು ಬದಲಾವಣೆ ಹೆಣ್ಣನ್ನು ಬಾಧಿಸದೆ ಗಂಡಿನ ಫಲಶಕ್ತಿಯನ್ನು ಕುಗ್ಗಿಸುವುದು ಸ್ಪಷ್ಟವಾಗಿ ಕಂಡಿತು. ಇಲಿಗಳಲ್ಲಿಯಾದರೋ, ಬಾಲಕ್ಕೆ ಬೇಕಾದ ಶಕ್ತಿಯ ಬಹುಪಾಲು ಮೈಟೊಕಾಂಡ್ರಿಯದಿಂದಲ್ಲ, ಸಕ್ಕರೆಯನ್ನು ನೇರವಾಗಿ ಒಡೆಯುವುದರಿಂದ ಬರುತ್ತದೆಂದು 2004ರಲ್ಲೇ ಕಂಡುಬಂದಿತ್ತು. 2023ರಲ್ಲಿ ಮತ್ತೊಂದು ಅಚ್ಚರಿ: ಮನುಷ್ಯನ ಬಲಿತ ವೀರ್ಯಾಣುವಿನ ಮೈಟೊಕಾಂಡ್ರಿಯದಲ್ಲಿ ಇಡಿಯಾದ ಡಿ.ಎನ್.ಎ. ಉಳಿದಿರುವುದೇ ಇಲ್ಲವಂತೆ. ಆ ಲಿಪಿಯ ಕೆಲಸವೆಲ್ಲ ವೀರ್ಯಾಣು ರೂಪುಗೊಳ್ಳುವಾಗಲೇ ಮುಗಿದಿರಬೇಕು.

ನಮ್ಮ ಅಜ್ಜಿಗೆ ನಾಲ್ವರು ಗಂಡುಮಕ್ಕಳು. ನಾಲ್ವರಿಗೂ ದೊರೆತದ್ದು ಅದೇ ಅಜ್ಜಿಯ ನೂಲು. ಮೂವರ ಮನೆಗಳಲ್ಲಿ ತೊಟ್ಟಿಲು ತೂಗಿತು, ಹಿರಿಯವರ ಮನೆಯಲ್ಲಿ ಇಲ್ಲ. ಹರೆಯದಲ್ಲಿ ಬಂದ ಮಂಗನಬಾವೊ, ಸಿರೆಗಳ ಊತವೊ, ತಂದೆಯ ಕಡೆಯ ವಂಶವಾಹಿಯ ಲೋಪವೊ, ಯಾವುದೂ ಆಗಿರಬಹುದು. ದೊಡ್ಡಪ್ಪನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಯಾರಿಗೂ ತೋಚಲಿಲ್ಲ. ಎರಡನೆಯ ಹೆಂಡತಿಗೂ ಮಕ್ಕಳಾಗದಿದ್ದಾಗ, ಊರಿನವರು ಹೇಳಿದ್ದು ಒಂದೇ ಮಾತು: ಮೊದಲನೆಯವಳ ಕಣ್ಣೀರು ತಟ್ಟಿತು.