ಹೈನುರಹಿತ ಹಬ್ಬದ ಮೇಲೋಗರಗಳು

ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪಗಳನ್ನು ಬಳಸದೆ ಹಬ್ಬದ ಊಟಕ್ಕಾಗಿ ಸಿದ್ಧಪಡಿಸುವ ಕೋಸಂಬರಿ, ಪಲ್ಯ, ಗೊಜ್ಜು, ಹುಳಿ, ಉಸಲಿ, ಚಟ್ನಿ ಮುಂತಾದ ವ್ಯಂಜನಗಳನ್ನು ಹೈನುರಹಿತ ಹಬ್ಬದ ಮೇಲೋಗರಗಳು ಎನ್ನಬಹುದು. ಈ ಲೇಖನವು ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಮತ್ತು ನಂದಿ ಸುತ್ತಿನ ಹಳ್ಳಿಗಳು ಹಾಗೂ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಅಡುಗೆ ಪದ್ಧತಿಯನ್ನು ಮುಖ್ಯವಾಗಿ ಕುರಿತದ್ದು. ಈ ಸೀಮೆಯ ಹಬ್ಬದ ಎಲೆಯ ಮೇಲೋಗರಗಳಲ್ಲಿ ಹೆಚ್ಚಿನವು ಮೂಲತಃ ಹಾಲಿಲ್ಲದವೇ ಆಗಿವೆ. ಹಾಲಿನ ಅಂಶವು ಅವುಗಳೊಳಗೆ ಸೇರುವುದು ಒಗ್ಗರಣೆಯ ತುಪ್ಪ, ಹೆಚ್ಚಿದ ತರಕಾರಿಯನ್ನು ಹಾಕಿಡುವ ಮಜ್ಜಿಗೆ ನೀರು, ಬಾಳಕದ ಮೆಣಸಿನಕಾಯಿ ಇಂತಹ ಕಣ್ಣಿಗೆ ಬೀಳದ ದಾರಿಗಳಿಂದ. ಆದುದರಿಂದ ಹಾಲು ಒಗ್ಗದವರಿಗೆ ಹೊಸ ಅಡುಗೆಗಿಂತ ಹಳೆಯ ಅಡುಗೆಯ ಸರಿಯಾದ ತಿಳಿವಳಿಕೆಯೇ ಹೆಚ್ಚು ಅಗತ್ಯ.

ಪದದ ಹಿನ್ನೆಲೆ

ಹಳಗನ್ನಡದಲ್ಲಿ ಓಗರ ಎಂದರೆ ಅನ್ನ, ಊಟ. ಅದರ ಮೇಲೆ ಬಡಿಸಿ ಕಲಸಿಕೊಳ್ಳುವ ಅಥವಾ ಅದರೊಡನೆ ನೆಂಚಿಕೊಳ್ಳುವ ಪದಾರ್ಥ ಮೇಲೋಗರ. ಇಂದು ಕೆಲವು ಕಡೆ ಈ ಹೆಸರು ಒಂದು ಬಗೆಯ ಹುಳಿಗೆ ಮಾತ್ರ ಉಳಿದಿದೆಯಾದರೂ, ಅನ್ನ ಮತ್ತು ಸಿಹಿಯನ್ನು ಬಿಟ್ಟು ಎಲೆಯ ಮೇಲಿರುವ ಉಳಿದೆಲ್ಲವನ್ನೂ ಒಟ್ಟಾಗಿ ಸೂಚಿಸಲು ಇದಕ್ಕಿಂತ ಒಳ್ಳೆಯ ಪದ ಕನ್ನಡದಲ್ಲಿ ಸಿಗುವುದು ಕಷ್ಟ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು (ಸು. 1508) ಸಸ್ಯಾಹಾರದ ಪಾಕವಿಧಾನಗಳನ್ನು ವಿಸ್ತಾರವಾಗಿ ಹೇಳುವ ಕನ್ನಡ ಕೃತಿಯಾಗಿದ್ದು, ಅದರಲ್ಲಿ ಬದನೆಕಾಯಿಯ ಅಡುಗೆಗಳಿಗೆ ವಿಶೇಷ ಸ್ಥಾನವಿದೆ. ಚಿಕ್ಕಬಳ್ಳಾಪುರ ಸೀಮೆಯ ಹಬ್ಬದ ಊಟದಲ್ಲಿಯೂ ಬದನೆಕಾಯಿಯ ಸ್ಥಾನ ಅಷ್ಟೇ ಭದ್ರವಾಗಿದೆ.

ಪ್ರಾದೇಶಿಕ ಹಿನ್ನೆಲೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯು ಬಯಲುಸೀಮೆಗೆ ಸೇರಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿ ನಂದಿಬೆಟ್ಟಕ್ಕೆ ಸಮೀಪದಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಮಳೆಯಾಶ್ರಿತ ರಾಗಿಯೇ ಹಿಂದಿನಿಂದ ಮುಖ್ಯ ಬೆಳೆ. ರಾಗಿ ಹೊಲದ ನಡುವೆ ಅಕ್ಕಡಿ ಸಾಲುಗಳಾಗಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆಗಳನ್ನು ಬಿತ್ತುವ ಪದ್ಧತಿ ಇದೆ. ಹಬ್ಬದ ಮೇಲೋಗರಗಳು ಬಹುಪಾಲು ಹುಟ್ಟಿದ್ದು ಈ ಅಕ್ಕಡಿ ಸಾಲಿನಿಂದಲೇ ಎನ್ನಬಹುದು.

ಇದೇ ಜಿಲ್ಲೆಯಲ್ಲಿ ಹೈನುಗಾರಿಕೆಯೂ ಬಲವಾಗಿ ಬೆಳೆದಿದೆ. ಬೆಳಗ್ಗೆ ಮತ್ತು ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಸಾಲು ಇಲ್ಲಿನ ಹಳ್ಳಿಗಳ ನಿತ್ಯದ ನೋಟ. ಹಾಲು ಹೇರಳವಾಗಿರುವ ಊರಿನಲ್ಲಿ ‘ನನಗೆ ಹಾಲು ಆಗುವುದಿಲ್ಲ’ ಎನ್ನುವುದು ಹಲವರಿಗೆ ಸಂಕೋಚದ ಮಾತು. ‘ಒಂದು ತೊಟ್ಟು ತುಪ್ಪಕ್ಕೆ ಏನಾಗುತ್ತದೆ’ ಎಂಬ ಅಕ್ಕರೆಯ ಒತ್ತಾಯವೇ ಕೆಲವು ಮಕ್ಕಳಿಗೆ ಅಪಾಯ ತರಬಲ್ಲದು.

ಹಾಲು ವರ್ಜಿಸುವ ಕಾರಣಗಳು

ಎರಡು ಬೇರೆ ಬೇರೆ ದೈಹಿಕ ಸ್ಥಿತಿಗಳನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಕಡಿಮೆಯಿದ್ದರೆ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ. ವಯಸ್ಕರಲ್ಲಿ ಇದು ಸಾಮಾನ್ಯ. ಇಂತಹವರಲ್ಲಿ ಅನೇಕರಿಗೆ ಮೊಸರು ಸ್ವಲ್ಪಮಟ್ಟಿಗೆ ಒಗ್ಗುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಅತ್ಯಲ್ಪವಾದ್ದರಿಂದ ಅದೂ ಒಗ್ಗುವುದುಂಟು. ಹಾಲಿನ ಅಲರ್ಜಿ ಇದಕ್ಕಿಂತ ಭಿನ್ನ. ಅಲ್ಲಿ ದೇಹವು ಹಾಲಿನ ಪ್ರೋಟೀನುಗಳ ವಿರುದ್ಧ ಪ್ರತಿಕ್ರಿಯಿಸುತ್ತದೆ. ತುಪ್ಪದಲ್ಲಿ ಉಳಿದಿರಬಹುದಾದ ಪ್ರೋಟೀನಿನ ಅಂಶವೂ ಕೆಲವರಿಗೆ ಸಾಕಾಗುತ್ತದೆ. ಮೈಮೇಲೆ ದದ್ದು, ತುಟಿ ಊದುವುದು, ತೀವ್ರವಾದರೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಹಸುವಿನ ಹಾಲಿನ ಬದಲು ಎಮ್ಮೆ ಅಥವಾ ಮೇಕೆಯ ಹಾಲನ್ನು ಕೊಡುವುದೂ ಪರಿಹಾರವಲ್ಲ, ಅವುಗಳ ಪ್ರೋಟೀನುಗಳೂ ಬಹುಮಟ್ಟಿಗೆ ಹಸುವಿನ ಹಾಲಿನವುಗಳನ್ನೇ ಹೋಲುತ್ತವೆ.

ಧಾರ್ಮಿಕ ಆಚರಣೆಯಲ್ಲಿಯೂ ಹಾಲನ್ನು ಬಿಡುವ ರೂಢಿ ಇದೆ. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ತಿಂಗಳಿಗೊಂದರಂತೆ ನಾಲ್ಕು ವ್ರತಗಳಿವೆ. ದಧಿವ್ರತದಲ್ಲಿ ಮೊಸರನ್ನೂ ಕ್ಷೀರವ್ರತದಲ್ಲಿ ಹಾಲನ್ನೂ ಬಿಡಲಾಗುತ್ತದೆ. ಗೌರಿ-ಗಣೇಶ ಹಬ್ಬ ದಧಿವ್ರತದ ಅವಧಿಯಲ್ಲಿಯೂ ನವರಾತ್ರಿ ಕ್ಷೀರವ್ರತದ ಅವಧಿಯಲ್ಲಿಯೂ ಬರುತ್ತವೆ. ಹೀಗಾಗಿ ಆ ಮನೆಗಳಲ್ಲಿ ಮೊಸರು ಬಜ್ಜಿಯಿಲ್ಲದ ಚೌತಿ, ಹಾಲಿನ ಪಾಯಸವಿಲ್ಲದ ನವರಾತ್ರಿ ಹೊಸದೇನಲ್ಲ. ಆದರೆ ಇವು ಪೂರ್ಣ ಹೈನುರಹಿತ ಊಟಗಳಲ್ಲ: ಕ್ಷೀರವ್ರತದಲ್ಲಿ ಮೊಸರು ಸಲ್ಲುತ್ತದೆ, ಎರಡರಲ್ಲೂ ತುಪ್ಪ ಸಲ್ಲುತ್ತದೆ. ‘ವ್ರತದ ಅಡುಗೆ’ ಎಂಬ ಭರವಸೆಯ ಮೇಲೆ ಅಲರ್ಜಿಯಿರುವವರಿಗೆ ಬಡಿಸಬಾರದು.

ಪ್ರಮುಖ ಮೇಲೋಗರಗಳು

ಕೋಸಂಬರಿ. ರಾಮನವಮಿ, ಗೌರಿ-ಗಣೇಶ ಹಬ್ಬ, ಮದುವೆ, ಎಲ್ಲದಕ್ಕೂ ಇದು ಬೇಕು. ಹೆಸರುಬೇಳೆಯನ್ನು ಒಂದೆರಡು ಗಂಟೆ ನೆನೆಸಿ ನೀರು ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೆರೆಸಿ, ಎಣ್ಣೆಯಲ್ಲಿ ಸಾಸಿವೆ-ಇಂಗಿನ ಒಗ್ಗರಣೆ ಕೊಡಲಾಗುತ್ತದೆ. ಉಪ್ಪು ಮತ್ತು ನಿಂಬೆರಸವನ್ನು ಬಡಿಸುವ ವೇಳೆಗೆ ಹಾಕಬೇಕು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ರಾಮನವಮಿಯಂದು ಕೋಸಂಬರಿಯೊಡನೆ ಕೊಡುವ ಪಾನಕದಲ್ಲಿ ಹಾಲಿನ ಅಂಶವಿಲ್ಲ, ನೀರುಮಜ್ಜಿಗೆಯನ್ನು ಮಾತ್ರ ಬಿಟ್ಟರೆ ಸಾಕು.

ಹಿತಕಿದ ಬೇಳೆ. ಸಂಕ್ರಾಂತಿಯ ಹೊತ್ತಿನ ಈ ಅಡುಗೆಯನ್ನು ಈ ಸೀಮೆಯ ಹೆಗ್ಗುರುತು ಎಂದರೆ ಅತಿಶಯವಲ್ಲ. ನಾಟಿ ಅವರೆ ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಹೂಬಿಡುವ ಬೆಳೆಯಾದ್ದರಿಂದ ಅದರ ಸುಗ್ಗಿ ಡಿಸೆಂಬರ್-ಜನವರಿಗೆ ಸೀಮಿತವಾಗಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ ತಳಿಗಳು ಬಂದ ಮೇಲೆ ಉಳಿದ ಕಾಲದಲ್ಲಿಯೂ ಅವರೆ ಸಿಗುತ್ತದೆ. ಆದರೆ ಇಬ್ಬನಿಯಲ್ಲಿ ಬೆಳೆದು ಕೈಗೆ ಸೊನೆ ಅಂಟುವ ಕಾಯಿಯ ಸೊಗಡು ಅವಕ್ಕಿಲ್ಲ ಎಂಬುದು ಇಲ್ಲಿನ ಹಿರಿಯರ ಅಭಿಪ್ರಾಯ, ಈ ಲೇಖಕನದೂ ಅದೇ. ಬಲಿತ ಹಸಿ ಕಾಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿತಕಿದಾಗ ಸಿಪ್ಪೆಯಿಂದ ಬೇಳೆ ಜಾರಿ ಹೊರಬರುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲವಾದ್ದರಿಂದ ಜಗುಲಿಯ ಮೇಲೆ ಮನೆಮಂದಿಯೆಲ್ಲ ಕುಳಿತು ಹಿತಕುತ್ತಾರೆ. ಜಿಲ್ಲೆಯ ತೆಲುಗು ಮಾತಿನ ಮನೆಗಳಲ್ಲಿ ಇದಕ್ಕೆ ಪಿತಿಕಿನ ಪಪ್ಪು ಎಂಬ ಹೆಸರಿದೆ. ತೆಂಗಿನ ತುರಿ, ಧನಿಯ, ಒಣಮೆಣಸಿನಕಾಯಿ, ಗಸಗಸೆ, ಚಕ್ಕೆ, ಲವಂಗ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಅರೆದು ಹಾಕಿ ಸಾರು ಮಾಡಲಾಗುತ್ತದೆ. ಈರುಳ್ಳಿ ಬಳಸದ ಮನೆಗಳಲ್ಲಿ ಮೆಣಸು ಮತ್ತು ಇಂಗು ಆ ಸ್ಥಾನವನ್ನು ತುಂಬುತ್ತವೆ. ಗಸಗಸೆ ಮತ್ತು ತೆಂಗಿನಿಂದಲೇ ಸಾರಿಗೆ ಗಟ್ಟಿತನ ಬರುವುದರಿಂದ ಕೆನೆಯ ಅಗತ್ಯವೇ ಬೀಳುವುದಿಲ್ಲ. ಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸದೆ ತೆರೆದ ಪಾತ್ರೆಯಲ್ಲಿ ಬೇಯಿಸಬೇಕು, ಇಲ್ಲವಾದರೆ ಕರಗಿಹೋಗುತ್ತದೆ.

ಒಬ್ಬಟ್ಟಿನ ಸಾರು. ಯುಗಾದಿಯಂದು ಒಬ್ಬಟ್ಟಿಗಾಗಿ ಬೇಯಿಸಿದ ಬೇಳೆಯ ಕಟ್ಟನ್ನು ಬಸಿದು, ಅದಕ್ಕೆ ಒಂದು ಹಿಡಿ ಹೂರಣ, ಹುಣಿಸೆರಸ, ಮೆಣಸು-ಜೀರಿಗೆ-ತೆಂಗು ಅರೆದ ಮಸಾಲೆ ಸೇರಿಸಿ ಕುದಿಸಿದ ಸಾರು. ಮರುದಿನಕ್ಕೆ ಇದರ ರುಚಿ ಏರುತ್ತದೆ. ಕೆಲವರು ಹೂರಣಕ್ಕೆ ತುಪ್ಪ ಬೆರೆಸುವುದರಿಂದ, ಸಾರಿಗೆ ಬೇಕಾದ ಹಿಡಿಯನ್ನು ಅದಕ್ಕೆ ಮೊದಲೇ ತೆಗೆದಿಡಬೇಕು. ಒಬ್ಬಟ್ಟನ್ನು ಕಡಲೆಕಾಯಿ ಎಣ್ಣೆಯಲ್ಲಿ ಬೇಯಿಸಿದರೆ ಅದೂ ಹಾಲಿಲ್ಲದ ಸಿಹಿಯಾಗುತ್ತದೆ.

ಬದನೆಕಾಯಿಯ ಗೊಜ್ಜು ಮತ್ತು ಎಣ್ಣೆಗಾಯಿ. ಮೊಸರು ಬಜ್ಜಿಗೆ ಬದಲಾಗಿ ಎಲೆಯ ಮೇಲೆ ಬಡಿಸಲು ಸುಟ್ಟ ಬದನೆಕಾಯಿಯ ಗೊಜ್ಜು ಅತ್ಯಂತ ಸೂಕ್ತವಾದುದು. ದಪ್ಪ ಬದನೆಕಾಯಿಗೆ ಎಣ್ಣೆ ಸವರಿ ಕೆಂಡದ ಮೇಲೆ ಅಥವಾ ಒಲೆಯ ಉರಿಯ ಮೇಲೆ ಸುಟ್ಟು, ಸಿಪ್ಪೆ ತೆಗೆದು ಕಿವುಚಿ, ನಿಂಬೆ ಗಾತ್ರದ ಹುಣಿಸೆಹಣ್ಣಿನ ರಸ, ಸ್ವಲ್ಪ ಬೆಲ್ಲ, ಜಜ್ಜಿದ ಹಸಿಮೆಣಸಿನಕಾಯಿ, ಉಪ್ಪು ಬೆರೆಸಿ ಒಗ್ಗರಣೆ ಕೊಡಬೇಕು. ಎಣ್ಣೆಗಾಯಿಯಲ್ಲಿ ಎಳೆಯ ಬದನೆಕಾಯಿಗಳನ್ನು ತೊಟ್ಟು ಬಿಡಿಸದೆ ಸೀಳಿ, ಹುರಿದ ಕಡಲೆಕಾಯಿ ಬೀಜ, ಎಳ್ಳು ಅಥವಾ ಹುಚ್ಚೆಳ್ಳು, ಕೊಬ್ಬರಿಗಳ ಪುಡಿಯನ್ನು ತುಂಬಲಾಗುತ್ತದೆ. ಎಣ್ಣೆಕಾಳುಗಳ ಜಿಡ್ಡೇ ಸಾಕಷ್ಟಿರುವುದರಿಂದ ತುಪ್ಪದ ಕೊರತೆ ಕಾಣುವುದಿಲ್ಲ.

ಇದೇ ವರ್ಗಕ್ಕೆ ಹಾಗಲಕಾಯಿ, ಬೆಂಡೆಕಾಯಿ, ಅನಾನಸ್ ಗೊಜ್ಜುಗಳು ಸೇರುತ್ತವೆ. ಜಿಲ್ಲೆಯಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಅನಾನಸ್ ಗೊಜ್ಜಿಗೆ ಬೆರೆಸುವುದುಂಟು. ಹುಣಿಸೆ ಈ ಸೀಮೆಗೆ ಹೊರಗಿನಿಂದ ಬರಬೇಕಾದ ವಸ್ತುವಲ್ಲ. ನೆರೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಿಸೆ ತೋಪು 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು.

ನವರಾತ್ರಿಯ ಉಸಲಿಗಳು (ಕಡಲೆಕಾಳು, ಹೆಸರುಕಾಳು, ಅಲಸಂದೆ), ಹುರುಳಿಕಾಯಿ ಹಾಗೂ ಗೋರಿಕಾಯಿ ಪಲ್ಯಗಳು, ಹುಚ್ಚೆಳ್ಳಿನ ಚಟ್ನಿಪುಡಿ, ಅಂಬೊಡೆ, ಇವೆಲ್ಲ ಎಣ್ಣೆಯಲ್ಲಿಯೇ ಆಗುವಂತಹವು.

ಹಾಲಿನ ಅಂಶ ಸೇರುವ ಗುಪ್ತ ಸಂದರ್ಭಗಳು

ಬಾಳೆದಿಂಡು, ಬಾಳೆಹೂವುಗಳು ಹೆಚ್ಚಿದೊಡನೆ ಕಪ್ಪಾಗುತ್ತವೆ. ಅದನ್ನು ತಡೆಯಲು ಹೋಳುಗಳನ್ನು ಮಜ್ಜಿಗೆ ಬೆರೆಸಿದ ನೀರಿನಲ್ಲಿ ಹಾಕಿಡುವುದು ಹಳೆಯ ಪದ್ಧತಿ. ಬಡಿಸುವವರಿಗೆ ಇದು ತಿಳಿದಿರುವುದಿಲ್ಲ. ಕೇಳಿದರೆ ‘ಪಲ್ಯಕ್ಕೆ ಮೊಸರು ಹಾಕಿಲ್ಲ’ ಎಂದು ನಿಜವನ್ನೇ ಹೇಳುತ್ತಾರೆ. ಹುಣಿಸೆನೀರು ಅಥವಾ ನಿಂಬೆರಸ ಹಿಂಡಿದ ನೀರು ಅದೇ ಕೆಲಸವನ್ನು ಮಾಡುತ್ತದೆ. ಬೆಂಡೆಕಾಯಿ ಹುರಿಯುವಾಗ ಲೋಳೆ ಹೋಗಲೆಂದು ಒಂದು ಚಮಚ ಮೊಸರು ಹಾಕುವುದೂ ಹೀಗೆಯೇ, ಅಲ್ಲಿಯೂ ಹುಣಿಸೆರಸ ಸಾಕು.

ಬಾಳಕದ ಮೆಣಸಿನಕಾಯಿಯನ್ನು ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿನಲ್ಲಿ ಒಣಗಿಸಿರುತ್ತಾರೆ. ಕರಿದ ಮೇಲೆ ಅದರಲ್ಲಿ ಮಜ್ಜಿಗೆಯ ಗುರುತು ಉಳಿಯುವುದಿಲ್ಲ. ಅರಳು ಸಂಡಿಗೆಗೂ ಕೆಲವು ಮನೆಗಳಲ್ಲಿ ಹುಳಿ ಮಜ್ಜಿಗೆ ಸೇರುತ್ತದೆ. ಬಾಳಕವನ್ನು ಕರಿದ ಎಣ್ಣೆಯಲ್ಲಿಯೇ ಹಪ್ಪಳ ಕರಿದರೆ ಅಂಶವು ಹಪ್ಪಳಕ್ಕೂ ದಾಟುತ್ತದೆ. ಆದ್ದರಿಂದ ಹಪ್ಪಳ ಮೊದಲು, ಬಾಳಕ ಕಡೆಗೆ ಎಂಬ ಕ್ರಮ ಒಳ್ಳೆಯದು.

ತುಪ್ಪದ ವಿಷಯ ಎಲ್ಲಕ್ಕಿಂತ ಸೂಕ್ಷ್ಮವಾದುದು. ಸಾಂಪ್ರದಾಯಿಕ ಊಟಗಳಲ್ಲಿ ಬಡಿಸುವುದಕ್ಕೆ ಮುನ್ನವೇ ಎಲೆಗೆ ತುಪ್ಪ ಸವರುವ ಪಾತ್ರಾಭಿಘಾರದ ಕ್ರಮವಿದೆ. ಊಟಕ್ಕೆ ಕುಳಿತ ಬಳಿಕ ‘ತುಪ್ಪ ಬೇಡ’ ಎನ್ನುವ ಹೊತ್ತಿಗೆ ಎಲೆಗೆ ತುಪ್ಪ ಬಿದ್ದಿರುತ್ತದೆ. ಅಡುಗೆಯವರಿಗೂ ಬಡಿಸುವವರಿಗೂ ಮುಂಚಿತವಾಗಿ ತಿಳಿಸಿ, ಅಂತಹವರ ಎಲೆಯನ್ನು ಪಂಕ್ತಿಯ ಮೊದಲಲ್ಲಿ ಹಾಕಿ, ತುಪ್ಪದ ಗಿಂಡಿ ಹೊರಬರುವ ಮೊದಲೇ ಬೇರೆ ಸೌಟಿನಿಂದ ಬಡಿಸುವುದು ಪ್ರಾಯೋಗಿಕ ಪರಿಹಾರ. ಮಜ್ಜಿಗೆಹುಳಿಯ ಸೌಟನ್ನೇ ಹುಳಿಯ ಪಾತ್ರೆಗೆ ಅದ್ದುವ ಅಭ್ಯಾಸ ದೊಡ್ಡ ಊಟಗಳಲ್ಲಿ ಸಾಮಾನ್ಯ. ಕಲ್ಯಾಣ ಮಂಟಪಗಳ ಊಟದಲ್ಲಿ ಸಾಗು, ಕುರ್ಮಾಗಳಿಗೆ ಮೊಸರನ್ನೋ ಕೆನೆಯನ್ನೋ ಬೆರೆಸುವುದು ಈಚಿನ ರೂಢಿ. ಅಲ್ಲಿ ಕೋಸಂಬರಿ ಮತ್ತು ಗೊಜ್ಜುಗಳು ಹೆಚ್ಚು ನಂಬಿಕೆಗೆ ಅರ್ಹವಾದವು.

ಬದಲಿ ಪದಾರ್ಥಗಳು

ಹುಳಿಗೆ ಹುಣಿಸೆ, ನಿಂಬೆ, ಮಾವಿನಕಾಯಿ. ಗಟ್ಟಿತನಕ್ಕೆ ತೆಂಗು, ಗಸಗಸೆ, ಹುರಿಗಡಲೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಬೂದುಗುಂಬಳದ ಮಜ್ಜಿಗೆಹುಳಿಯನ್ನು ತೆಂಗಿನಹಾಲಿನಲ್ಲಿ ಮಾಡಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ರೂಪ ಹತ್ತಿರವಾಗುತ್ತದೆ, ರುಚಿ ಅದೇ ಆಗುವುದಿಲ್ಲ. ಇಂತಹ ಅನುಕರಣೆಗಿಂತ ಬೂದುಗುಂಬಳದ ಹುಳಿಯನ್ನೇ ಮಾಡುವುದು ಲೇಸು. ಕಡಲೆಕಾಯಿ, ಎಳ್ಳು, ಗೋಡಂಬಿಗಳಿಗೂ ಅಲರ್ಜಿ ಇರುವವರಿದ್ದಾರೆ ಎಂಬುದನ್ನು ಬದಲಿ ಆಯುವಾಗ ನೆನಪಿಡಬೇಕು.

ಹಾಲನ್ನು ಪೂರ್ಣವಾಗಿ ಬಿಟ್ಟವರಿಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ಬೇರೆಡೆಯಿಂದ ದೊರೆಯಬೇಕು. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ ಇದ್ದರೆ, ಅಷ್ಟೇ ತೂಕದ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚಿದೆ, ಎಳ್ಳಿನಲ್ಲಿ ಅದಕ್ಕಿಂತಲೂ ಅಧಿಕ. ಆದರೆ ರಾಗಿ, ಎಳ್ಳುಗಳಲ್ಲಿರುವ ಕ್ಯಾಲ್ಸಿಯಂ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲವಾದ್ದರಿಂದ, ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಬೇಕು.

ಸಿದ್ಧ ಪದಾರ್ಥಗಳ ಗುರುತು

ಅಂಗಡಿಯ ಚಟ್ನಿಪುಡಿ, ಗೊಜ್ಜಿನ ಮಿಶ್ರಣ, ಸಂಡಿಗೆಗಳ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಸಸ್ಯಾಹಾರದ ಗುರುತೇ ಹೊರತು ಹಾಲಿಲ್ಲವೆಂಬ ಗುರುತಲ್ಲ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಹಾಲನ್ನು ಅಲರ್ಜಿಕಾರಕಗಳ ಪಟ್ಟಿಯಲ್ಲಿ ಸೇರಿಸಿ ಅದನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದು ವಿಧಿಸಿವೆ. ಪ್ರಾಣಿಮೂಲದ ಯಾವ ಅಂಶವೂ ಇಲ್ಲದ ವೀಗನ್ ಆಹಾರಕ್ಕೆ 2022ರ ನಿಯಮಗಳ ಪ್ರಕಾರ ಪ್ರತ್ಯೇಕ ಚಿಹ್ನೆಯಿದೆ. ಸಂತೆಯಲ್ಲಿ ಬಿಡಿಯಾಗಿ ಮಾರುವ ಸಂಡಿಗೆ, ಬಾಳಕಗಳ ಮೇಲೆ ಇಂತಹ ಬರಹವಿರುವುದಿಲ್ಲ. ಅವುಗಳನ್ನು ತಯಾರಿಸಿದವರನ್ನೇ ಕೇಳಿ ಕೊಳ್ಳಬೇಕು.